ಮನೆಗೆಲಸದ ನಡುವೆ ಮಕ್ಕಳ ಕಲ್ಪನೆಯಾಟ: ಮಡಿಕೇರಿ ಕಡೆಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯವರು. ಸಣ್ಣ ಕಾಫಿ ತೋಟವಿದೆ, ಮನೆಯಲ್ಲಿ ಅರೆಭಾಷೆ ಮಾತನಾಡುತ್ತೇವೆ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಎರಡೂವರೆ. ದಿನದ ಕೆಲಸಗಳನ್ನು ಕಲ್ಪನೆಯ ಆಟವಾಗಿ ಬದಲಿಸಿದರೆ ಮಕ್ಕಳ ಹಟ ಕಡಿಮೆಯಾಗುತ್ತದೆ, ಬುದ್ಧಿಯೂ ಬೆಳೆಯುತ್ತದೆ ಎಂದು ಓದಿ, ಈ ಮಳೆಗಾಲದಲ್ಲಿ ಹಲ್ಲುಜ್ಜುವುದರಿಂದ ಹಿಡಿದು ಮಲಗಿಸುವವರೆಗೆ ಎಲ್ಲಕ್ಕೂ ಒಂದೊಂದು ಕಥೆ ಕಟ್ಟಿದೆ. ಆರಂಭದಲ್ಲಿ ಚೆನ್ನಾಗಿಯೇ ನಡೆಯಿತು. ಈಗ ಮಗಳು ಕಥೆಯಿಲ್ಲದೆ ಕಾಲುಚೀಲವನ್ನೂ ಹಾಕಿಕೊಳ್ಳುವುದಿಲ್ಲ. ಮಗ ಯಾವ ಪಾತ್ರಕ್ಕೂ ಒಗ್ಗುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಚೆಲ್ಲುತ್ತಾನೆ, ತುಂಬುತ್ತಾನೆ, ಮತ್ತೆ ಚೆಲ್ಲುತ್ತಾನೆ. ನಾನು ದಣಿದಿದ್ದೇನೆ. ಶಾಲೆಗೆ ಮಳೆ ರಜೆ ಕೊಟ್ಟ ದಿನ ಕೊನೆಗೆ ಮೊಬೈಲೇ ಗತಿ. "ಕೆಲಸ ಕೆಲಸವೇ, ಆಟ ಆಟವೇ, ಎರಡನ್ನೂ ಯಾಕೆ ಕಲಸುತ್ತೀ" ಎನ್ನುತ್ತಾರೆ ನಮ್ಮ ಅತ್ತೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ನೀವು ಓದಿದ ಸಲಹೆಯಲ್ಲಿ ಇನ್ನರ್ಧ. ಮೊದಲು ನಿಮ್ಮ ದಣಿವಿನ ಕಾರಣವನ್ನು ನೋಡೋಣ. ನೀವು ವಿವರಿಸಿದ ಕ್ರಮದಲ್ಲಿ ಕಥೆ ಕಟ್ಟುವವರು ನೀವು, ಪಾತ್ರ ಹಂಚುವವರು ನೀವು, ಕೆಲಸ ಮುಗಿಸುವವರೂ ನೀವು. ಮಕ್ಕಳಿಗೆ ಉಳಿದದ್ದು ನೋಡುವ ಕೆಲಸ ಮಾತ್ರ. ಹೀಗೆ ನಡೆಯುವ ಆಟ ನಾಟಕವಾಗುತ್ತದೆ, ನೋಡುವವರಿಗೆ ದಿನದಿನವೂ ಹೊಸ ನಾಟಕ ಬೇಕಾಗುತ್ತದೆ. ನಿಮ್ಮ ಮಗಳು ಕಾಲುಚೀಲಕ್ಕೂ ಕಥೆ ಕೇಳುತ್ತಿರುವುದನ್ನು ಹಟವೆಂದು ನಾನು ಎಣಿಸುವುದಿಲ್ಲ. ಕಾಲುಚೀಲಕ್ಕೆ ಕಥೆಯೇ ಬೆಲೆಯೆಂದು ಅವಳು ನಿಮ್ಮಿಂದಲೇ ಕಲಿತಿದ್ದಾಳೆ.

ನನ್ನ ಸಲಹೆಯ ತಿರುಳು ಇಷ್ಟು. ಮೊದಲು ಮಗುವಿನ ಕೈಗೆ ನಿಜವಾದ ಕೆಲಸದ ಒಂದು ತುಂಡನ್ನು ಕೊಡಿ. ಕಲ್ಪನೆಯನ್ನು ಹೊರಗಿನಿಂದ ತಂದು ಕೆಲಸದ ಮೇಲೆ ಹೊದಿಸಬೇಡಿ, ಆ ಕೆಲಸದೊಳಗಿಂದ ಅದು ತಾನಾಗಿ ಎದ್ದು ಬರಲು ಅವಕಾಶ ಕೊಡಿ. ಎದ್ದು ಬಂದಾಗ ಒಂದೇ ಒಂದು ಮಾತಿನಿಂದ ಅದನ್ನು ಎತ್ತಿಹಿಡಿದು ಹಿಂದೆ ಸರಿಯಿರಿ.

ಚಿಕ್ಕ ಮಕ್ಕಳಿಗೆ ಕೆಲಸ ಬೇಸರದ್ದು, ಆಟವೊಂದೇ ಪ್ರಿಯ ಎಂಬ ನಂಬಿಕೆ ದೊಡ್ಡವರದು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಟ್ಟೆ ಒಣಹಾಕುತ್ತಿದ್ದ ಅಪರಿಚಿತ ವ್ಯಕ್ತಿಯ ಕೈಯಿಂದ ಕ್ಲಿಪ್ಪು ಜಾರಿ ಬಿದ್ದಾಗ, ಕೇವಲ ಹದಿನೆಂಟು ತಿಂಗಳ ಕೂಸುಗಳು ಯಾರೂ ಹೇಳದೆ ಹೋಗಿ ಅದನ್ನು ಎತ್ತಿಕೊಟ್ಟವು. ಅವರೇ ಎರಡು ವರ್ಷದ ನಂತರ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸಹಾಯ ಮಾಡಿದ್ದಕ್ಕೆ ಪ್ರತಿ ಸಲವೂ ಆಟಿಕೆಯ ಬಹುಮಾನ ಪಡೆದ ಮಕ್ಕಳು ಮುಂದೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದರು. ಏನನ್ನೂ ಪಡೆಯದ ಮಕ್ಕಳು ಮೊದಲಿನಂತೆಯೇ ಮುಂದುವರಿಸಿದರು. ಈ ಎರಡನೆಯ ಫಲಿತಾಂಶವನ್ನು ನಿಮ್ಮ ಮನೆಯ ಪರಿಸ್ಥಿತಿಯ ಪಕ್ಕದಲ್ಲಿಟ್ಟು ನೋಡಿ. ಕಥೆಯೂ ಬಹುಮಾನವಾಗಿಬಿಡಬಹುದು. ಅಮೆರಿಕದ ಮನೋವಿಜ್ಞಾನಿ ಏಂಜಲೀನ್ ಲಿಲ್ಲಾರ್ಡ್ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ, ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದೇ ಚಟುವಟಿಕೆಯನ್ನು ನಿಜವಾಗಿ ಮಾಡುವುದು ಇಷ್ಟವೋ, ಮಾಡಿದಂತೆ ನಟಿಸುವುದು ಇಷ್ಟವೋ ಎಂದು ಕೇಳಿದರು. ಬಹುಪಾಲು ಮಕ್ಕಳ ಒಲವು ನಿಜವಾದ ಕೆಲಸದ ಕಡೆಗೇ ಇತ್ತು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನ ಬಡ ಬಡಾವಣೆಯಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದಾಗ ಕಂಡುಕೊಂಡದ್ದೂ ಇದನ್ನೇ: ಆಟಿಕೆಗಳಿದ್ದರೂ ಮಕ್ಕಳು ನೀರು ತುಂಬಿಸುವುದನ್ನು, ಮೇಜು ಒರೆಸುವುದನ್ನು, ಗುಂಡಿ ಹಾಕುವುದನ್ನು ಆರಿಸಿಕೊಳ್ಳುತ್ತಿದ್ದರು. ಕಲ್ಪನೆಯಾಟವಿಲ್ಲದೆ ಬುದ್ಧಿ ಬೆಳೆಯುವುದೇ ಇಲ್ಲವೆಂಬ ಗಟ್ಟಿ ಪುರಾವೆಯೂ ಇಲ್ಲ. ಲಿಲ್ಲಾರ್ಡ್ ಅವರ ತಂಡವೇ 2013ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಈ ತೀರ್ಮಾನಕ್ಕೆ ಬಂದಿದೆ. ಆದ್ದರಿಂದ ಇಂದು ಕಥೆ ಕಟ್ಟಲಾಗಲಿಲ್ಲ, ಮಗುವಿನ ಬೆಳವಣಿಗೆ ಒಂದು ದಿನ ಹಿಂದೆ ಬಿತ್ತು ಎಂಬ ಅಳುಕನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗೆಂದು ಕಲ್ಪನೆಯಾಟ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಮಾಂಟೆಸ್ಸೊರಿಯವರ ಅನುಯಾಯಿಗಳಲ್ಲಿ ಕೆಲವರು ಹಾಗೆ ಅಂದುಕೊಂಡು ಶಾಲೆಯನ್ನು ಬರಡು ಮಾಡಿದ್ದುಂಟು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ 1933ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಇಬ್ಬರು ಪುಟ್ಟ ಅಕ್ಕತಂಗಿಯರ ಪ್ರಸಂಗವನ್ನು ಎತ್ತಿಕೊಳ್ಳುತ್ತಾರೆ. ಆ ಮಕ್ಕಳು ತಮ್ಮಷ್ಟಕ್ಕೆ "ನಾವೀಗ ಅಕ್ಕತಂಗಿಯರಾಗೋಣ" ಎಂದು ಆಟ ಆರಂಭಿಸುತ್ತಾರೆ. ನಿಜಜೀವನದಲ್ಲಿ ಗಮನಕ್ಕೇ ಬಾರದ ಸಂಬಂಧ ಆಟದೊಳಗೆ ಬಂದೊಡನೆ ನಿಯಮವಾಗುತ್ತದೆ: ಅಕ್ಕತಂಗಿಯರು ಒಂದೇ ಬಗೆಯ ಬಟ್ಟೆ ಹಾಕಬೇಕು, ಕೈ ಹಿಡಿದು ನಡೆಯಬೇಕು, ಹಂಚಿಕೊಳ್ಳಬೇಕು. ಕಲ್ಪನೆಯಾಟದಲ್ಲಿ ಮಗು ಮನಬಂದಂತೆ ನಡೆಯುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ, ದೊಡ್ಡವರು ಹೇಳಿದರೆ ಪಾಲಿಸದ ನಿಯಮವನ್ನು ಮಗು ತಾನೇ ಹೊತ್ತ ಪಾತ್ರಕ್ಕಾಗಿ ಪಾಲಿಸುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತು. ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷದ ಬೇಸರದ ಕೆಲಸವೊಂದನ್ನು ಕೊಟ್ಟು, ಬೇಕೆನಿಸಿದಾಗ ಬಿಟ್ಟುಹೋಗಿ ಪಕ್ಕದಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಆಡಬಹುದೆಂದು ಹೇಳಲಾಗಿತ್ತು. "ನಾನು ಕಷ್ಟಪಟ್ಟು ಕೆಲಸ ಮಾಡುತ್ತಿದ್ದೇನೆಯೇ" ಎಂದು ತಮ್ಮನ್ನು ತಾವೇ ಕೇಳಿಕೊಂಡ ಮಕ್ಕಳಿಗಿಂತ, ಬ್ಯಾಟ್‌ಮ್ಯಾನ್‌ನಂಥ ಮೆಚ್ಚಿನ ಪಾತ್ರವಾಗಿ "ಬ್ಯಾಟ್‌ಮ್ಯಾನ್ ಕಷ್ಟಪಟ್ಟು ಕೆಲಸ ಮಾಡುತ್ತಿದ್ದಾನೆಯೇ" ಎಂದು ಕೇಳಿಕೊಂಡ ಮಕ್ಕಳು ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ಪಾತ್ರ ಮಗುವಿಗೆ ಬಲ ಕೊಡುತ್ತದೆ. ಆದರೆ ಆ ಪಾತ್ರ ಮಗುವಿನ ಮೈಮೇಲೆ ಇರಬೇಕೇ ಹೊರತು ಅಮ್ಮನ ಬಾಯಲ್ಲಿ ಅಲ್ಲ.

ಇನ್ನು ನಿಮ್ಮ ದಿನದೊಳಕ್ಕೆ ಬರೋಣ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪ್ರತಿ ಮನೆಯ ತಲೆನೋವು ಒದ್ದೆ ಬಟ್ಟೆ. ಅಡುಗೆಮನೆಯಲ್ಲಿ ಒಲೆಯ ಬಿಸಿ ತಾಗುವಲ್ಲಿ ಒಂದು ಹಗ್ಗ, ಪಡಸಾಲೆಯಲ್ಲಿ ಇನ್ನೊಂದು, ಆದರೂ ಶಾಲೆಯ ಲಂಗ ಒಣಗುವುದಿಲ್ಲ. ಕಲ್ಪನೆಯಾಟಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಾಣೆ. ಮಗಳ ಎದೆಯೆತ್ತರಕ್ಕೆ ಒಂದು ಗಿಡ್ಡ ಹಗ್ಗ ಕಟ್ಟಿ, ಕಾಲುಚೀಲ, ಕರವಸ್ತ್ರ, ತಮ್ಮನ ಚಡ್ಡಿ ಇಂಥ ಸಣ್ಣ ಬಟ್ಟೆಗಳ ಬುಟ್ಟಿಯನ್ನೂ ಕ್ಲಿಪ್ಪುಗಳ ಡಬ್ಬಿಯನ್ನೂ ಅವಳ ಸುಪರ್ದಿಗೆ ಒಪ್ಪಿಸಿ. ಆಟದ ಬಗ್ಗೆ ಒಂದು ಮಾತನ್ನೂ ಆಡಬೇಡಿ. ನಾಲ್ಕೂವರೆ ವರ್ಷದ ಹುಡುಗಿ ಸಾಲಾಗಿ ತೂಗುವ ಕಾಲುಚೀಲಗಳನ್ನು ನೋಡಿ ಸುಮ್ಮನಿರುವುದು ಅಪರೂಪ. ಅವು ಬಾವಲಿಗಳಾಗಬಹುದು, ಕುಶಾಲನಗರದ ಬಸ್ಸಿಗೆ ಕಾಯುವವರ ಸಾಲಾಗಬಹುದು, ಅಥವಾ ನನಗೂ ನಿಮಗೂ ಹೊಳೆಯದ ಇನ್ನೇನೋ ಆಗಬಹುದು. ಅವಳು "ಇವರು ಬಸ್ಸಿಗೆ ಕಾಯ್ತಿದ್ದಾರೆ" ಎಂದರೆ, ನೀವು ನಿಮ್ಮ ಸೀರೆ ಹಿಂಡುತ್ತಲೇ, "ಹೌದಾ, ಮಳೇಲಿ ಬಸ್ಸು ತಡ ಅಂತೆ" ಎಂದರೆ ಸಾಕು. ಅದಕ್ಕೆ ಮೀರಿ ನೀವು ಬಸ್ಸಿನ ಹಾರ್ನ್ ಬಾರಿಸುತ್ತಾ ಅಡುಗೆಮನೆ ಸುತ್ತಬೇಕಾಗಿಲ್ಲ. ಮಗು ಎಸೆದ ಮಾತಿಗೆ ಅದರದೇ ಲೋಕದೊಳಗಿನ ಒಂದು ಮರುಮಾತು, ಮತ್ತೆ ನಿಮ್ಮ ಕೆಲಸ. ಮಕ್ಕಳ ಆಟದಲ್ಲಿ ದೊಡ್ಡವರು ಎಷ್ಟು ಇರಬೇಕೆಂದು ಕೇಳಿದವರಿಗೆಲ್ಲ ನಾನು ಕೊಡುವ ಅಳತೆ ಇದೇ. ದಣಿದವರೂ ಇದನ್ನು ಮಾಡಬಹುದು.

ಹಗ್ಗ ಎದೆಯೆತ್ತರದಲ್ಲೇ ಇರಲಿ, ಬಳಸದಾಗ ಬಿಚ್ಚಿಡಿ. ಕುತ್ತಿಗೆಯ ಎತ್ತರದಲ್ಲಿ ತೂಗುವ ಹಗ್ಗ ಓಡಾಡುವ ಮಕ್ಕಳಿರುವ ಮನೆಯಲ್ಲಿ ಅಪಾಯ.

ಅಡುಗೆಮನೆಯಲ್ಲಿ ಕಡಂಬಿಟ್ಟು ಮಾಡುವ ದಿನ ಮಕ್ಕಳನ್ನು ಹೊರಗೆ ಕಳಿಸುವುದು ನನಗೆ ನಷ್ಟವೆನಿಸುತ್ತದೆ. ಅಕ್ಕಿತರಿಯನ್ನು ಬೇಯಿಸಿ, ಕೈ ತಡೆಯುವಷ್ಟು ಆರಿಸಿ, ಉಂಡೆ ಕಟ್ಟಿ ಹಬೆಗಿಡುವ ಈ ಅಡುಗೆಯಲ್ಲಿ ನಡುವಿನ ಹಂತ ಪೂರ್ತಿಯಾಗಿ ಮಕ್ಕಳ ಕೈಯ ಅಳತೆಯದು. ಒಲೆಯ ಹಂತ ನಿಮ್ಮದು, ಉಂಡೆಯ ಹಂತ ಅವರದು. ಈ ಗೆರೆಯನ್ನು ಯಾವ ಆಟವೂ ಅಳಿಸಬಾರದು. ಮಗಳು ಕಟ್ಟುವ ಉಂಡೆಗಳು ಸೊಟ್ಟಗಿರುತ್ತವೆ, ಒಂದು ದೊಡ್ಡದು, ಒಂದು ಗೋಲಿಯಷ್ಟು. ಅವುಗಳಲ್ಲಿ ಅಪ್ಪ ಉಂಡೆ, ಅಮ್ಮ ಉಂಡೆ, ಅಜ್ಜಿ ಉಂಡೆ ಹುಟ್ಟಿಕೊಳ್ಳುತ್ತವೆ, ಹಬೆಪಾತ್ರೆ ಅವರ ಸ್ನಾನದ ಮನೆಯಾಗುತ್ತದೆ. ಹುಟ್ಟದಿದ್ದರೂ ಅಡ್ಡಿಯಿಲ್ಲ, ಉಂಡೆಯಂತೂ ಆಯಿತು. ಅವಳು ಕಟ್ಟಿದ್ದನ್ನು ನೀವು ಮತ್ತೆ ಬಿಚ್ಚಿ ಸರಿಯಾಗಿ ಕಟ್ಟಬೇಡಿ. ಅದೇ ತಟ್ಟೆಯಲ್ಲಿ, ಅದೇ ಸೊಟ್ಟ ಆಕಾರದಲ್ಲಿ ಎಲ್ಲರ ಊಟಕ್ಕೆ ಬಡಿಸಿ. ಎರಡೂವರೆ ವರ್ಷದ ಮಗನ ಕೈಗೂ ಒಂದಿಷ್ಟು ಹಿಟ್ಟು ಕೊಡಿ. ಅವನು ಉಂಡೆ ಕಟ್ಟುವುದಿಲ್ಲ, ಹಿಸುಕುತ್ತಾನೆ, ಆ ವಯಸ್ಸಿನ ಕೆಲಸ ಅದೇ.

ಊಟ ಮಾಡಿಸುವ ವಿಷಯದಲ್ಲಿ ಮಾತ್ರ ಕಥೆಯನ್ನು ಮಿತವಾಗಿ ಬಳಸಿ. ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು ಎನ್ನುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಸೊಗಸಾದ ಪದ್ಧತಿ, ಅದನ್ನು ಬಿಡಬೇಕೆಂದು ಹೇಳುವಷ್ಟು ಒಣ ಮನುಷ್ಯ ನಾನಲ್ಲ. ಆದರೆ ಮಗು ಸಾಕೆಂದು ಮುಖ ತಿರುಗಿಸಿದ ಮೇಲೂ ಕಥೆಯ ಭರದಲ್ಲಿ ಇನ್ನೆರಡು ತುತ್ತು ತುರುಕಿದರೆ, ತನ್ನ ಹೊಟ್ಟೆ ತುಂಬಿದ್ದನ್ನು ತಾನೇ ಅರಿಯುವ ಶಕ್ತಿ ಮಗುವಿನಲ್ಲಿ ಮಂಕಾಗುತ್ತದೆ. ಕಥೆ ತಟ್ಟೆಯ ಪಕ್ಕದಲ್ಲಿರಲಿ, ತುತ್ತಿನ ಮೇಲೆ ಸವಾರಿ ಮಾಡದಿರಲಿ.

ಬೆಳಗಿನ ಹೊತ್ತು ಬೇರೆಯದೇ ಸಮಸ್ಯೆ. ಗಡಿಯಾರ ಓಡುತ್ತಿದೆ, ಆಟೋ ಅಥವಾ ಶಾಲಾ ವ್ಯಾನು ರಸ್ತೆಯಲ್ಲಿ ಕಾಯುತ್ತಿದೆ. ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಮನಸ್ಸನ್ನು ತಿರುಗಿಸುವುದು ಈ ವಯಸ್ಸಿನ ಮಿದುಳಿಗೆ ನಿಜಕ್ಕೂ ಕಷ್ಟ, ಬೆಳಗಿನ ಹಟದ ಮುಖ್ಯ ಕಾರಣ ಅದೇ. ಇಲ್ಲಿ ಹೊಸ ಕಥೆ ಕಟ್ಟುವುದು ತಪ್ಪು ದಾರಿ, ಏಕೆಂದರೆ ಹೊಸ ಕಥೆ ಹೊಸ ಚರ್ಚೆಯನ್ನು ತರುತ್ತದೆ. ಬೇಕಾದ್ದು ದಿನವೂ ಒಂದೇ ರೀತಿಯಲ್ಲಿ ನಡೆಯುವ, ಎಲ್ಲರಿಗೂ ಬಾಯಿಪಾಠವಾದ ಒಂದು ಪುಟ್ಟ ಆಟ. ನಮ್ಮ ಕಡೆಯ ಮಕ್ಕಳು ಕಾಡಿನ ಅಂಚಿನ ಅರಣ್ಯ ಇಲಾಖೆಯ ತಪಾಸಣಾ ಗೇಟುಗಳನ್ನು ನೋಡಿಯೇ ಇರುತ್ತಾರೆ. ಮನೆಯ ಹೊಸ್ತಿಲನ್ನು ಅಂಥದೊಂದು ಗೇಟು ಮಾಡಿ, ಮಗಳನ್ನು ಗಾರ್ಡ್ ಮಾಡಿ: ಬೂಟು ಇದೆಯೇ, ಕೊಡೆ ಇದೆಯೇ, ಚೀಲ ಇದೆಯೇ, ಇದ್ದರೆ ಗೇಟು ಏಳುತ್ತದೆ. ತಪಾಸಣೆ ಅವಳದು, ಆದ್ದರಿಂದ ನಿಮ್ಮ ಕೊಡೆಯನ್ನೂ ಅವಳು ಕೇಳಲಿ, ನೀವು ಮರೆತಿದ್ದರೆ ದಂಡವನ್ನೂ ಹಾಕಲಿ. ಸಂಜೆ ಮನೆಗೆ ಬಂದಾಗ ಅದೇ ಗೇಟು ಜಿಗಣೆಯ ತಪಾಸಣೆಗೆ ಬಳಕೆಯಾಗುತ್ತದೆ. ಕಾಲ್ಬೆರಳ ಸಂದು, ಬೂಟಿನೊಳಗು, ಕಾಲುಚೀಲದ ಮಡಿಕೆ ಎಲ್ಲವನ್ನೂ ನೋಡಿಕೊಳ್ಳುವುದು ಈ ಜಿಲ್ಲೆಯಲ್ಲಿ ಮಳೆಗಾಲದ ಅಗತ್ಯ. ಗಾರ್ಡ್ ಪಾತ್ರದ ಮಗು ಅಳುವ ಬದಲು ಗಂಭೀರವಾಗಿ ಬೆರಳೆಣಿಸುತ್ತದೆ. ಇಲ್ಲಿ ಕಥೆ ಕೆಲಸವನ್ನು ಮುಚ್ಚುತ್ತಿಲ್ಲ. ತಪಾಸಣೆಯೇ ಕೆಲಸ, ತಪಾಸಣೆಯೇ ಆಟ.

ಆದರೂ ಒಂದು ದಿನ ಮಗಳು "ಇವತ್ತು ಗೇಟು ಬೇಡ" ಎನ್ನುತ್ತಾಳೆ. ಅಂದು ಬೇಡ. ಬೂಟು ಮಾತ್ರ ಹಾಕಿಕೊಳ್ಳಲೇಬೇಕು, ಅದನ್ನು ನೇರವಾಗಿ, ಒಮ್ಮೆ, ಸಾಮಾನ್ಯ ದನಿಯಲ್ಲಿ ಹೇಳಿ. ಈಗ ಕಥೆಗೆ ಅಂಟಿಕೊಂಡಿರುವ ನಿಮ್ಮ ಮಗಳ ವಿಷಯದಲ್ಲಿ ಮೊದಲ ಕೆಲವು ದಿನ ಇದು ಸುಲಭವಾಗಿರುವುದಿಲ್ಲ. "ನನಗೆ ಈಗ ಕಥೆ ಇಲ್ಲ, ನಿನಗೆ ಇದ್ದರೆ ಹೇಳು, ಕೇಳುತ್ತೇನೆ" ಎಂದು ಹೇಳಿ ಕಾಲುಚೀಲವನ್ನು ಅವಳ ಕೈಗೆ ಕೊಡಿ. ಕಥೆ ಹೇಳುವ ಹೊಣೆ ಅವಳಿಗೆ ದಾಟಿದೊಡನೆ ಬೇಡಿಕೆಯ ಹುರುಪು ಇಳಿಯುತ್ತದೆ, ಅಥವಾ ಅವಳೇ ಕಥೆಗಾರ್ತಿಯಾಗುತ್ತಾಳೆ. ಎರಡೂ ಒಳ್ಳೆಯದೇ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಮಾರ್ಚಿನವರೆಗೆ, ನಿಮ್ಮ ಅಂಗಳವೇ ದೊಡ್ಡ ಆಟದ ಮೈದಾನ. ಕಣದಲ್ಲಿ ಹರವಿದ ಕಾಫಿಯನ್ನು ಕೈಯಾಡಿಸುವಾಗ ಮಗಳಿಗೂ ಒಂದು ಗಿಡ್ಡ ಹಿಡಿಯ ಹಲಬೆ ಸಿಕ್ಕರೆ, ಅವಳು ಎಳೆದ ಗೆರೆಗಳು ರಸ್ತೆಗಳಾಗುತ್ತವೆ, ಗುಡ್ಡೆಗಳು ಬ್ರಹ್ಮಗಿರಿ, ತಡಿಯಂಡಮೋಳ್ ಆಗುತ್ತವೆ, ಒಂದು ಕಡ್ಡಿ ಕಾವೇರಿಯಾಗಿ ತಲಕಾವೇರಿಯಿಂದ ಹೊರಡುತ್ತದೆ. ಕೆಂಪು ಹಣ್ಣು, ಹಸಿರು ಕಾಯಿ, ಗಿಡದಲ್ಲೇ ಒಣಗಿದ ಕಪ್ಪು ಕಾಯಿಗಳನ್ನು ಬೇರೆಬೇರೆ ಬುಟ್ಟಿಗೆ ಹಾಕುವುದು ನಿಮಗೆ ಗುಣಮಟ್ಟದ ಪ್ರಶ್ನೆ, ಅವಳಿಗೆ ಮೂರು ಊರಿನ ಜನರನ್ನು ಅವರವರ ಊರಿಗೆ ತಲುಪಿಸುವ ಪ್ರಯಾಣ. ಅವಳು ಬೇರ್ಪಡಿಸಿದ್ದನ್ನು ದಿನದ ಲೆಕ್ಕಕ್ಕೆ ಸೇರಿಸಬೇಡಿ, ಇಷ್ಟು ಮಾಡಿದರೆ ಇಷ್ಟು ಎಂದು ಆಸೆಯನ್ನೂ ಹುಟ್ಟಿಸಬೇಡಿ. ಬೇಸರವಾದ ಗಳಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇದ್ದರಷ್ಟೇ ಅದು ಆಟ, ಇಲ್ಲವಾದರೆ ಅದು ಕೂಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವಾಗ, ಔಷಧಿ ಸಿಂಪಡಿಸಿದ ತೋಟದಲ್ಲಿ, ನೀರು ತುಂಬಿದ ಕೆರೆ, ತೊಟ್ಟಿಗಳ ಬಳಿ ಮಕ್ಕಳು ಯಾವ ಪಾತ್ರದಲ್ಲಿಯೂ ಇರಬಾರದು. ಚಿಕ್ಕವನು ಇನ್ನೂ ಎಲ್ಲವನ್ನೂ ಬಾಯಿಗಿಡುವವನಾದರೆ ಕಾಫಿ ಕಾಯಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಅವನಿಗೆ ದೊಡ್ಡ ಹಸಿ ಬಾಳೆಕಾಯಿ, ಕಿತ್ತಳೆ, ಖಾಲಿ ಬುಟ್ಟಿ ಕೊಡಿ.

ಆಟ ಬೇಡವೇ ಬೇಡವೆಂದು ನಾನು ಹೇಳುವ ಕಡೆಗಳು ಕೆಲವಿವೆ. ಔಷಧಿಯನ್ನು ಎಂದೂ ಮಿಠಾಯಿ ಎನ್ನಬೇಡಿ, ಶಕ್ತಿ ಕೊಡುವ ಮಾಯಾನೀರು ಎಂದೂ ಎನ್ನಬೇಡಿ. ಆ ಹೆಸರನ್ನು ನಂಬಿದ ಮಗು ನಿಮ್ಮ ಕಣ್ಣು ತಪ್ಪಿಸಿ ಬಾಟಲಿ ಖಾಲಿ ಮಾಡುವ ಸಾಧ್ಯತೆ ನಿಜವಾದದ್ದು. ಅದು ಔಷಧಿ, ಕಹಿ, ಜ್ವರಕ್ಕೆ, ಅಮ್ಮ ಕೊಟ್ಟಾಗ ಮಾತ್ರ ಎಂದು ಹೇಳಿ, ಕುಡಿದ ಮೇಲೆ ಗೊಂಬೆಗೂ ಖಾಲಿ ಚಮಚದಲ್ಲಿ ಕುಡಿಸಲು ಬಿಡಿ. ಬಚ್ಚಲಿನ ಹಂಡೆ, ಒಲೆ, ರಸ್ತೆ ಇವುಗಳ ನಿಯಮಗಳನ್ನೂ ಕಥೆಯಲ್ಲಿ ಸುತ್ತಬೇಡಿ.

ಆನೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ದುಬಾರೆಯ ಶಿಬಿರದಲ್ಲಿ ಮಾವುತನ ಮಾತು ಕೇಳುವ ಆನೆಯನ್ನು ನೋಡಿ ಬಂದ ಮಗು ತೋಟಕ್ಕೆ ನುಗ್ಗುವ ಆನೆಯೂ ಅಂಥದ್ದೇ ಎಂದು ತಿಳಿಯಬಹುದು. ಮನೆಯೊಳಗೆ ಅವಳು ಆನೆಯಾಗಲಿ, ತಮ್ಮ ಮಾವುತನಾಗಲಿ, ಸೊಂಡಿಲಿನಿಂದ ಬೊಂಬೆಗಳನ್ನೆತ್ತಿ ಡಬ್ಬಿಗೆ ತುಂಬಲಿ. ಬೊಂಬೆ ಎತ್ತಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ತೋಟದ ಆನೆಯ ಬಗ್ಗೆ ಮಾತ್ರ ಕಥೆಯಿಲ್ಲದ ಮಾತು: ಸದ್ದು ಕೇಳಿದರೆ ಒಳಗೆ ಬರಬೇಕು, ದೊಡ್ಡವರಿಗೆ ಹೇಳಬೇಕು. ಹಾಗೆಯೇ, ಊಟ ಮಾಡದಿದ್ದರೆ ಆನೆ ಬರುತ್ತದೆ, ಗುಮ್ಮ ಬರುತ್ತದೆ ಎನ್ನುವುದು ಆಟವಲ್ಲ, ಬೆದರಿಕೆ. ಮೂರರಿಂದ ಐದರ ವಯಸ್ಸಿನಲ್ಲಿ ಮಗು ತಾನು ಕಟ್ಟಿದ ಕಲ್ಪನೆಯನ್ನು ಕಲ್ಪನೆಯೆಂದು ತಿಳಿದಿರುತ್ತದೆ, ಆದರೆ ಇತರರು ಹೆದರಿಸಲು ಕಟ್ಟಿದ್ದನ್ನು ಕತ್ತಲಾದ ಮೇಲೆ ಬೇರ್ಪಡಿಸಿ ನೋಡಲಾರದು. ನಮ್ಮಲ್ಲಿ ಆನೆ ನಿಜವಾಗಿಯೂ ಬರುತ್ತದೆ ಎಂಬುದು ಆ ಬೆದರಿಕೆಯನ್ನು ಇನ್ನಷ್ಟು ಕೆಟ್ಟದಾಗಿಸುತ್ತದೆ.

ಕೆಲವೊಮ್ಮೆ ಮಗು ಕಟ್ಟುವ ಆಟ ನಿಮಗೆ ಹಿಡಿಸದಿರಬಹುದು. 2018ರ ಆಗಸ್ಟಿನ ಭೂಕುಸಿತದ ಮಾತು ಪ್ರತಿ ಜೋರು ಮಳೆಗೂ ನಮ್ಮ ಮನೆಗಳಲ್ಲಿ ಎದ್ದೇ ಏಳುತ್ತದೆ, ಆಗ ಹುಟ್ಟಿರದ ಮಕ್ಕಳೂ ಅದನ್ನು ಕೇಳಿಸಿಕೊಳ್ಳುತ್ತಾರೆ. ಮಡಿಸಿಟ್ಟ ಕಂಬಳಿಗಳನ್ನು ಗುಡ್ಡವೆಂದು ರಾಶಿ ಹಾಕಿ, ಬೊಂಬೆಯ ಮನೆಯ ಮೇಲೆ ಉರುಳಿಸಿ, "ಎಲ್ಲ ಹೋಯ್ತು" ಎನ್ನುವ ಮಗುವನ್ನು ಗದರಬೇಡಿ. ದೊಡ್ಡವರ ದನಿಯಲ್ಲಿ ಕೇಳಿದ ಭಯವನ್ನು ಅದು ತನ್ನ ಕೈಗೆ ಹಿಡಿಯುವ ಗಾತ್ರಕ್ಕೆ ತಂದುಕೊಳ್ಳುತ್ತಿದೆ. ಸ್ವಲ್ಪ ಹೊತ್ತು ನೋಡಿ, "ಇವರನ್ನು ಎತ್ತಲು ಯಾರು ಬರ್ತಾರೆ" ಎಂದು ಕೇಳಿ. ಹೆಚ್ಚಿನ ಮಕ್ಕಳು ಒಬ್ಬರನ್ನು ಕರೆತರುತ್ತಾರೆ. ಅದೇ ಆಟ ವಾರಗಟ್ಟಲೆ ಬದಲಾಗದೆ, ಸಂತೋಷವಿಲ್ಲದೆ, ನಿದ್ದೆಗೆಡಿಸುತ್ತಾ ಮುಂದುವರಿದರೆ ಮಾತ್ರ ವೈದ್ಯರಲ್ಲಿ ಮಾತನಾಡಿ.

ಮಳೆ ರಜೆಯ ಮೊಬೈಲಿನ ಪ್ರಶ್ನೆಗೆ ಹೆಚ್ಚು ವಿವರಣೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಇನ್ನೂ ಕಡಿಮೆಯಿದ್ದರೆ ಒಳ್ಳೆಯದು. ಆ ಒಂದು ಗಂಟೆಯನ್ನು ನೀವು ಉಸಿರಾಡಲು ಬಳಸಿಕೊಂಡರೆ ಯಾವ ಅಪರಾಧವೂ ಇಲ್ಲ. ಮಿಕ್ಕ ಹೊತ್ತಿಗೆ ಕಥೆಯೇ ಬೇಕೆಂದಿಲ್ಲ. ಬೆಳ್ಳುಳ್ಳಿ ಸಿಪ್ಪೆ ಬಿಡಿಸುವುದು, ತಟ್ಟೆಗಳನ್ನು ಒರೆಸುವುದು, ಅಜ್ಜಿಯ ಜೊತೆ ಕೂತು ಅವರೆಕಾಳು ಬಿಡಿಸುವುದು ಸಾಕು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ, ಅಮ್ಮ ಅಪ್ಪ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೋಗುವ ಕುಟುಂಬಗಳಲ್ಲಿ ನಾಲ್ಕು ಮಕ್ಕಳು ಒಂದು ಮುರಿದ ಬಕೆಟ್ಟಿನಲ್ಲಿ ಇಡೀ ಮಧ್ಯಾಹ್ನ ಸಂಸಾರ ನಡೆಸುವುದನ್ನು ನೋಡಿದವರಿಗೆ, ಕಲ್ಪನೆಗೆ ಬೇಕಾದ್ದು ಸಾಮಾನೂ ಅಲ್ಲ, ನಿರ್ದೇಶಕರೂ ಅಲ್ಲ ಎಂಬುದು ತಿಳಿದಿರುತ್ತದೆ. ಅಡ್ಡಿ ಬಾರದ ಹೊತ್ತು, ಕಣ್ಣಳತೆಯಲ್ಲಿ ಒಬ್ಬ ದೊಡ್ಡವರು, ಇಷ್ಟಿದ್ದರೆ ಆಯಿತು.

ಅತ್ತೆಯವರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ಅವರು ಬೆಳೆದ ಕಾಲದಲ್ಲಿ ಮಕ್ಕಳು ದೊಡ್ಡವರ ಪಕ್ಕದಲ್ಲೇ ಕೆಲಸ ನೋಡುತ್ತಾ, ಕೈ ಹಾಕುತ್ತಾ ಕಲಿತರು. ಮೆಕ್ಸಿಕೊ ಮತ್ತು ಗ್ವಾಟೆಮಾಲದ ಮೂಲನಿವಾಸಿ ಕುಟುಂಬಗಳಲ್ಲಿ ಅಮೆರಿಕದ ಮನೋವಿಜ್ಞಾನಿ ಬಾರ್ಬರಾ ರೊಗೊಫ್ ಹಲವು ದಶಕ ಅಧ್ಯಯನ ಮಾಡಿ ವಿವರಿಸಿದ್ದೂ ಇಂಥದೇ ಕಲಿಕೆಯ ಕ್ರಮವನ್ನು. ನಾನು ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಅವರಿಗೆ ಗೊತ್ತಿರುವುದೇ. ಮಗಳನ್ನು ಒಂದೊಂದು ಮಧ್ಯಾಹ್ನ ಅವರ ಕೈಕೆಳಗೆ ಬಿಡಿ, ಅವರು ಅರೆಭಾಷೆಯಲ್ಲೇ ಮಾತನಾಡಲಿ. ಮಗು ಯಾವ ಭಾಷೆಯಲ್ಲಿ ಕೆಲಸ ಕಲಿಯುತ್ತದೋ ಆ ಭಾಷೆಯಲ್ಲೇ ಆಟವನ್ನೂ ಕಟ್ಟುತ್ತದೆ. ಶಾಲೆಯ ಕನ್ನಡ, ಇಂಗ್ಲಿಷ್ ತಮ್ಮ ಪಾಡಿಗೆ ಬರುತ್ತವೆ, ಆಟದ ನಡುವೆ ತಿದ್ದುವುದು ಬೇಡ.

ಕೊನೆಗೆ ನಿಮ್ಮ ಮಗ. ಅವನು ಪಾತ್ರಕ್ಕೆ ಒಗ್ಗುವುದಿಲ್ಲವೆಂದಿರಿ. ಒಂದು ವಸ್ತುವನ್ನು ಇನ್ನೊಂದೆಂದು ಬಗೆಯುವ ಶಕ್ತಿ ಒಂದೂವರೆ, ಎರಡು ವರ್ಷದ ಸುಮಾರಿಗೆ ಮೊಳೆಯುತ್ತದೆ, ಆದರೆ ಅದು ಮೊದಲು ತೀರ ಸಣ್ಣದಾಗಿ ಕಾಣಿಸಿಕೊಳ್ಳುತ್ತದೆ: ಖಾಲಿ ಲೋಟ ಕುಡಿದಂತೆ ಮಾಡುವುದು, ಕಡ್ಡಿಯನ್ನು ಕಿವಿಗಿಟ್ಟು ಹಲೋ ಎನ್ನುವುದು, ಗೊಂಬೆಗೆ ಹೊದಿಸುವುದು. ಕಥೆಯಿರುವ ಪಾತ್ರ, ಇನ್ನೊಬ್ಬರೊಡನೆ ಪಾತ್ರ ಹಂಚಿಕೊಳ್ಳುವುದು ಸಾಮಾನ್ಯವಾಗಿ ಮೂರರ ನಂತರದ ಮಾತು. ಅಕ್ಕನಿಗಾಗಿ ಕಟ್ಟಿದ ಕಥೆ ಅವನಿಗೆ ದಕ್ಕದಿರುವುದು ಸಹಜ. ಚೆಲ್ಲುವುದು, ತುಂಬುವುದು ಅವನ ವಯಸ್ಸಿನ ಗಂಭೀರ ಕಸುಬು, ಅದಕ್ಕೆ ಬಚ್ಚಲಿನಲ್ಲಿ ಒಂದು ಬಕೆಟ್ಟು ನೀರು, ಎರಡು ಚೊಂಬು ಕೊಟ್ಟು ನೀವು ಅಲ್ಲೇ ಬಟ್ಟೆ ಒಗೆಯುತ್ತಾ ಕಣ್ಣಿಡಿ. ನೀರಿನ ಬಳಿ ಅವನನ್ನು ಅಕ್ಕನ ಮೇಲೆ ಬಿಟ್ಟು ಎದ್ದು ಹೋಗಬೇಡಿ. ಈ ಸಣ್ಣ ಅಣಕಗಳು ಒಂದೂ ಕಾಣುತ್ತಿಲ್ಲ, ಜೊತೆಗೆ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಎರಡು ಪದ ಕೂಡಿಸಿ ಮಾತನಾಡುವುದಿಲ್ಲ ಎಂದಾದರೆ, ಇನ್ನೂ ಚಿಕ್ಕವನು ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ, ಅದಕ್ಕೆ ಶುಲ್ಕವಿಲ್ಲ. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯವರಲ್ಲಿ ಮುಂದಿನ ದಿನಾಂಕ ಕೇಳಿ ಇಟ್ಟುಕೊಳ್ಳಿ.